ಉಚಿತ ತಂತ್ರಾಂಶ: ಜಮಾ ಎಷ್ಟು, ಖರ್ಚು ಎಷ್ಟು?

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕೆಲಸಕ್ಕೆ ಸೇರಿದಾಗ ಲೆಡ್ಜರ್ ಎತ್ತಲು ಎರಡು ಕೈ ಬೇಕಿತ್ತು. ನಿವೃತ್ತನಾಗುವ ಹೊತ್ತಿಗೆ ಎಲ್ಲ ಲೆಕ್ಕವೂ ಕಂಪ್ಯೂಟರಿನ ಹೊಟ್ಟೆ ಸೇರಿತ್ತು. ಈಗ ನನ್ನ ಪಾಲಿಗೆ ಉಳಿದಿರುವುದು ಹಾಲು, ಪೇಪರು, ಔಷಧಿಯ ಲೆಕ್ಕ ಮತ್ತು ನಮ್ಮ ಬೀದಿಯ ಗಣೇಶೋತ್ಸವದ ಲೆಕ್ಕ. ಮಗ ಕೊಡಿಸಿದ ಲ್ಯಾಪ್‌ಟಾಪಿನಲ್ಲಿ ಬರೆದಿಡುತ್ತೇನೆ. ಮೊಮ್ಮಗಳು ಶಾಲೆಯ ಪ್ರಾಜೆಕ್ಟ್ ಮಾಡುವುದೂ ಅದರಲ್ಲೇ.

ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ವಾರ ಚಂದಾ ಲೆಕ್ಕದ ಕಡತ ತೆರೆದೆ. ಓದಲು ಬರುತ್ತದೆ, ಒಂದು ಅಂಕಿ ತಿದ್ದಲು ಬರುವುದಿಲ್ಲ! ತಂತ್ರಾಂಶದ ವರ್ಷದ ಬಾಡಿಗೆ ಮುಗಿದಿದೆ, ಹಣ ಕಟ್ಟಿ ಎಂಬ ಸೂಚನೆ. ಲೆಕ್ಕ ನನ್ನದು, ಬೀಗದ ಕೈ ಬೇರೆಯವರ ಬಳಿ.

"ತಾತ, ನನ್ನ ಫ್ರೆಂಡ್ ಹತ್ರ ಕ್ರ್ಯಾಕ್ ಇದೆ. ಪೆನ್‌ಡ್ರೈವ್‌ನಲ್ಲಿ ತರ್ತೀನಿ, ದುಡ್ಡೇ ಕೊಡಬೇಕಿಲ್ಲ" ಅಂದಳು ಮೊಮ್ಮಗಳು.

"ಬೇಡ ಪುಟ್ಟಿ. ಕ್ಯಾಶ್ ಕೌಂಟರಿನಲ್ಲಿ ಒಂದು ರೂಪಾಯಿ ಹೆಚ್ಚು ಬಂದರೂ ಯಾರದ್ದು ಅಂತ ರಾತ್ರಿವರೆಗೆ ಹುಡುಕುತ್ತಿದ್ದವನು ನಾನು. ಕದ್ದ ಮಾಲು ನಮ್ಮ ಮನೆಗೆ ಬೇಡ" ಅಂದೆ. ಅಂಥ ಮಾಲಿನ ಜೊತೆ ವೈರಸ್ ಬರುವ ಭಯ ಬೇರೆ. ಕದಿಯದೆಯೇ ಉಚಿತವಾಗಿ ಸಿಗುವುದು ಏನಾದರೂ ಇದೆಯೇ ಎಂದು ಇಬ್ಬರೂ ಹುಡುಕಿದೆವು. ಸಿಕ್ಕಿದ್ದು ಲಿಬ್ರೆಆಫೀಸ್.

ಹುಡುಗನೊಬ್ಬನ ಸಾಹಸ

ಮಕ್ಕಳೇ, ಇದರ ಕಥೆ ಶುರುವಾಗುವುದು ಜರ್ಮನಿಯಲ್ಲಿ, 1985ರಲ್ಲಿ. ಮಾರ್ಕೋ ಬೋರಿಸ್ ಎಂಬ ಹದಿಹರೆಯದ ಹುಡುಗ ಕಂಪನಿಯೊಂದನ್ನು ಕಟ್ಟಿದ. ಅಲ್ಲಿ ಹುಟ್ಟಿದ್ದು ಸ್ಟಾರ್‌ಆಫೀಸ್. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡು, ಮರುವರ್ಷವೇ ಅದರ ಒಳಗುಟ್ಟನ್ನೆಲ್ಲ ಜಗತ್ತಿಗೆ ತೆರೆದಿಟ್ಟಿತು. ಆಗ ಅದರ ಹೆಸರು ಓಪನ್‌ಆಫೀಸ್ ಎಂದಾಯಿತು. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಮುಂದೇನಾಗುವುದೋ ಎಂಬ ಆತಂಕದಿಂದ ಹಲವು ತಂತ್ರಜ್ಞರು ಅದೇ ವರ್ಷ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿಕೊಂಡು ಲಿಬ್ರೆಆಫೀಸ್ ಹೊರತಂದರು.

ಒಳಗುಟ್ಟು ತೆರೆದಿಡುವುದೆಂದರೆ ಏನು? ಹೋಟೆಲಿನವರು ಸಾಂಬಾರು ಬಡಿಸುತ್ತಾರೆ, ಪುಡಿಯ ಅಳತೆ ಹೇಳುವುದಿಲ್ಲ. ಪಕ್ಕದ ಮನೆಯ ಅಜ್ಜಿ ಸಾಂಬಾರನ್ನೂ ಕೊಟ್ಟು, ಅಳತೆಯನ್ನೂ ಹೇಳಿ, "ನಿನಗೆ ಬೇಕಾದಂತೆ ಬದಲಾಯಿಸಿಕೋ, ನಾಲ್ಕು ಜನಕ್ಕೆ ಹೇಳಿಕೊಡು" ಎನ್ನುತ್ತಾರೆ. ಮುಕ್ತ ತಂತ್ರಾಂಶ ಆ ಅಜ್ಜಿಯ ಹಾಗೆ.

ಜಮಾ ಕಡೆ

ಹಣ ಉಳಿಯುತ್ತದೆ, ಅದು ಮೊದಲನೆಯದು. ಬರೆಯಲು ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಚಿತ್ರ ಸಹಿತ ಭಾಷಣಕ್ಕೆ ಇಂಪ್ರೆಸ್, ಎಲ್ಲವೂ ಒಂದೇ ಕಂತೆಯಲ್ಲಿ ಬರುತ್ತವೆ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದೇ ಒತ್ತಿಗೆ ಪಿಡಿಎಫ್ ಆಗುತ್ತದೆ. ಬೇಕೆಂದರೆ ಮೆನುವನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು.

ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಇದರ ಕಡತಗಳು ಓಡಿಎಫ್ ಎಂಬ ಮಾದರಿಯಲ್ಲಿ ಉಳಿಯುತ್ತವೆ. 2006ರಲ್ಲಿ ಅದು ಐಎಸ್ಒ ಮಾನಕವಾಯಿತು. ಅದರ ನಿಯಮ ಎಲ್ಲರಿಗೂ ತೆರೆದಿರುವುದರಿಂದ, ನಾಳೆ ಒಂದು ಕಂಪನಿ ಮುಚ್ಚಿದರೂ ಮತ್ತೊಬ್ಬರು ಆ ಕಡತ ಓದುವ ತಂತ್ರಾಂಶ ಬರೆಯಬಹುದು.

ಖರ್ಚಿನ ಕಡೆ

ಬೇರೆಯವರು ಕಳಿಸಿದ ಕಡತ ತೆರೆದಾಗ ಅಕ್ಷರಶೈಲಿ ಹೊಂದದೆ ಸಾಲುಗಳು ಜರುಗಬಹುದು, ಒಂದು ಪುಟದ್ದು ಒಂದೂಕಾಲು ಪುಟವಾಗಬಹುದು. ಮ್ಯಾಕ್ರೋ ಹಾಕಿದ ದೊಡ್ಡ ಲೆಕ್ಕದ ಹಾಳೆಗಳು ಕೆಲವೊಮ್ಮೆ ಕೆಲಸ ಮಾಡುವುದಿಲ್ಲ. ನಾಲ್ಕು ಮನೆಗಳಲ್ಲಿ ಕೂತು ಒಂದೇ ಹಾಳೆಯನ್ನು ಏಕಕಾಲಕ್ಕೆ ತಿದ್ದುವುದು ಸುಲಭವಲ್ಲ. ಗುಂಡಿಗಳು ಹೊಸ ಜಾಗದಲ್ಲಿರುತ್ತವೆ. ನನ್ನ ಕೈಗೆ ಅಭ್ಯಾಸವಾಗಲು ತಿಂಗಳು ಹಿಡಿಯಿತು. ಪುಟ್ಟಿ ಒಮ್ಮೆ ಪ್ರಾಜೆಕ್ಟನ್ನು ಓಡಿಎಫ್‌ನಲ್ಲೇ ಕಳಿಸಿಬಿಟ್ಟಳು. ಟೀಚರ್ ಫೋನಿನಲ್ಲಿ ತೆರೆಯಲೇ ಇಲ್ಲ. ಉಳಿಸುವಾಗ ಡಾಕ್ಸ್ ಎಂದು ಆರಿಸಬೇಕೆಂದು ನಾನು ಹೇಳಿಕೊಡಲು ಮರೆತಿದ್ದೆ.

ದೊಡ್ಡವರಿಗೂ ಈ ತೊಡಕು ತಪ್ಪಿದ್ದಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಲು ತೀರ್ಮಾನಿಸಿ ಸಾವಿರಾರು ಕಂಪ್ಯೂಟರು ಬದಲಾಯಿಸಿತು. 2017ರಲ್ಲಿ ಹಿಂದಕ್ಕೆ ಹೋಗಲು ತೀರ್ಮಾನಿಸಿತು. ಆದರೆ ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸ್‌ಗೆ ಒಯ್ಯುವುದಾಗಿ ಸಾರಿತು.

ಅಜ್ಜಿಯ ಕಡತ

ನನ್ನ ಎದೆ ಧಸಕ್ಕೆಂದದ್ದು ಬೇರೆ ದಿನ. ನನ್ನ ಹೆಂಡತಿ ತೀರಿಕೊಂಡು ಆರು ವರ್ಷ. ಹಬ್ಬದ ಅಡುಗೆಗಳನ್ನೆಲ್ಲ ಅವಳು ಹಳೆಯ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಟೈಪು ಮಾಡಿಟ್ಟಿದ್ದಳು, ನಲವತ್ತು ಪುಟ. ಅವಳು ಹೋದ ಮೇಲೆ ಅದನ್ನು ತೆರೆಯುವ ಮನಸ್ಸೇ ಆಗಿರಲಿಲ್ಲ. ಚೌತಿಗೆಂದು ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ! ಇಂಗ್ಲಿಷ್ ಅಕ್ಷರ, ತಲೆಗೆ ಕೊಂಬಿರುವ 'ಎ', ಸಾಲುಸಾಲಿಗೂ ಪೌಂಡ್ ಗುರುತು.

ಹೊಸ ತಂತ್ರಾಂಶವನ್ನು ಬೈದೆ. ಆಮೇಲೆ ತಿಳಿಯಿತು, ತಪ್ಪು ಅದರದ್ದಲ್ಲ. ಹಿಂದಿನ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಇಂದಿನ ಯೂನಿಕೋಡ್‌ನಲ್ಲಿ ಹಾಗಲ್ಲ. ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಖಾತೆ ಸಂಖ್ಯೆ. 'ಕ' ಅಕ್ಷರದ್ದು 3221.

ಪರಿವರ್ತಕವೊಂದರಿಂದ ಕಡತವನ್ನು ಯೂನಿಕೋಡ್‌ಗೆ ತಂದೆವು. ಅಕ್ಷರ ಬಂತು, ಆದರೆ ಅರ್ಕಾವೊತ್ತುಗಳು ಅಡ್ಡಾದಿಡ್ಡಿ. ಕರ್ಜಿಕಾಯಿ 'ಕಜಿರ್ಕಾಯಿ' ಆಗಿತ್ತು, ಅರ್ಧ ಬಟ್ಟಲು 'ಅಧರ್ ಬಟ್ಟಲು' ಆಗಿತ್ತು. ಪುಟ್ಟಿ ಬಿದ್ದು ಬಿದ್ದು ನಕ್ಕಳು. ನಾನು ಓದಿ ಹೇಳುವುದು, ಅವಳು ತಿದ್ದುವುದು; ಹತ್ತು ಸಂಜೆ ಹಿಡಿಯಿತು.

ತಾಳೆ

ನನ್ನ ಪಟ್ಟಿಯಲ್ಲಿ ಜಮಾ ಹೆಚ್ಚು. ಮನೆ ಲೆಕ್ಕ, ಪತ್ರ, ಶಾಲೆಯ ಕೆಲಸಕ್ಕೆ ಧಾರಾಳವಾಗಿ ಸಾಕು. ಕಚೇರಿಯವರು ಇಂಥದ್ದೇ ಬೇಕೆಂದರೆ, ಮ್ಯಾಕ್ರೋ ನಂಬಿ ಕೆಲಸ ಮಾಡುವವರಾದರೆ, ಹಳೆಯದನ್ನೇ ಇಟ್ಟುಕೊಳ್ಳಿ. ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟು ನೋಡಲೂಬಹುದು.

ನನ್ನ ವಯಸ್ಸಿನವರಿಗೆ ಎರಡು ಮಾತು. ಬದಲಾಯಿಸುವ ಮುಂಚೆ ಕಡತಗಳ ಒಂದು ಪ್ರತಿ ಬೇರೆ ಕಡೆ ಇಡಿ. ತಂತ್ರಾಂಶವನ್ನು ಲಿಬ್ರೆಆಫೀಸ್ ಡಾಟ್ ಆರ್ಗ್ ತಾಣದಿಂದಲೇ ಇಳಿಸಿಕೊಳ್ಳಿ. ಅಲ್ಲಿ ದೇಣಿಗೆ ಕೇಳುತ್ತಾರೆ, ಕೊಡುವುದು ಬಿಡುವುದು ನಿಮ್ಮ ಇಷ್ಟ. ಯಾರಾದರೂ ಫೋನು ಮಾಡಿ ಇದಕ್ಕೆ ಓಟಿಪಿ ಕೇಳಿದರೆ ಅವನು ಕಳ್ಳ.

ಕಡತದ ಮೂವತ್ತೊಂದನೆಯ ಪುಟದಲ್ಲಿ, ಕರ್ಜಿಕಾಯಿಯ ಅಳತೆಯ ಕೆಳಗೆ, ಅವಳು ಒಂದು ಸಾಲು ಸೇರಿಸಿದ್ದಳು: "ಪುಟ್ಟಿಗೆ ಕೊಬ್ಬರಿ ಜಾಸ್ತಿ ಇರಬೇಕು." ಮೊಮ್ಮಗಳು ಅದನ್ನು ಎರಡು ಸಲ ಓದಿದಳು. ಆ ಚೌತಿಗೆ ಕೊಬ್ಬರಿ ತುರಿದದ್ದು ಅವಳೇ.