ಪುಸ್ತಕಕ್ಕಿಂತ ಮೊದಲು ಬಂದ ರೊಕ್ಕ

ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದರು. ಕಾದಂಬರಿ ಬರೆದವರೂ ಅವರೇ, ಬಿಸಿಲಲ್ಲಿ ನಡೆದು ಮನೆಬಾಗಿಲಲ್ಲಿ ಮಾರಿದವರೂ ಅವರೇ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉತ್ತರ ಕರ್ನಾಟಕದ ಪುಸ್ತಕ ವ್ಯಾಪಾರ ಹೆಚ್ಚುಕಡಿಮೆ ಹೀಗೇ ಇತ್ತು. ಓದುವವರಿರಲಿಲ್ಲವೆಂದಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಅವರ ಕೈಯಲ್ಲಿ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳಿದ್ದವು, ಅಷ್ಟೇ.

ತಲೆಹೊರೆ ಬೇಡವೆಂದವರಿಗೆ ಅಂಚೆ ಇತ್ತು. ಅದರ ಕಾಟ ಬೇರೆ. ಓದುಗ ರೊಕ್ಕ ಕೊಟ್ಟು ಬಿಡಿಸಿಕೊಳ್ಳಬೇಕಾದ ವಿ.ಪಿ. ಅಂಚೆಯ ಪುಸ್ತಕ ಎಂಟು ದಿನ ಊರು ಸುತ್ತಿ, ದಾರ ಸಡಿಲಾಗಿ, ಮೂಲೆ ಮುದುಡಿ, ‘ತೆಗೆದುಕೊಳ್ಳಲಿಲ್ಲ’ ಎಂಬ ಷರಾದೊಂದಿಗೆ ಪ್ರಕಾಶಕನ ಮನೆಗೇ ಮರಳುತ್ತಿತ್ತು. ಮುದ್ರಕನ ಬಾಕಿ ಮಾತ್ರ ಎಲ್ಲಿಗೂ ಹೋಗದೆ ಅಲ್ಲೇ ಕೂತಿರುತ್ತಿತ್ತು.

1933ರಲ್ಲಿ ಧಾರವಾಡದ ಮೂವರು ಈ ಗಂಟಿಗೆ ಕೈಹಾಕಿದರು. ಗದಗ ಹತ್ತಿರದ ಹೊಂಬಳದ ಜಿ.ಬಿ. ಜೋಶಿ, ‘ಆನಂದಕಂದ’ ಎಂದು ಹೆಸರಾಗಿದ್ದ ಬೆಟಗೇರಿ ಕೃಷ್ಣಶರ್ಮ, ಗೋವಿಂದರಾವ್ ಚುಳಕಿ. ಮೂವರಲ್ಲಿ ಹಣವಂತರು ಯಾರೂ ಇರಲಿಲ್ಲ. ಇಪ್ಪತ್ತೊಂಬತ್ತರ ಜೋಶಿ ಮುಂದೆ ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದರು. ಆದರೆ ಪುಸ್ತಕದ ಕೆಲಸದಲ್ಲಿ ಅವರಷ್ಟು ಜಡವಲ್ಲದ ಮನುಷ್ಯ ಊರಲ್ಲಿ ಇನ್ನೊಬ್ಬನಿರಲಿಲ್ಲ.

ಅವರ ಉಪಾಯ ಕೇಳಲು ಸರಳವಾಗಿತ್ತು. ಪತ್ರಿಕೆಗೆ ಜನ ವರ್ಷದ ಚಂದಾ ಮುಂಗಡ ಕೊಡುತ್ತಿದ್ದರು. ಪುಸ್ತಕಕ್ಕೂ ಹಾಗೇ ಕೊಟ್ಟರೇನು? ವರ್ಷಕ್ಕೊಮ್ಮೆ ರೊಕ್ಕ, ವರ್ಷವಿಡೀ ಪುಸ್ತಕ. ಯಾವ ಪುಸ್ತಕ ಎಂಬುದನ್ನು ಆರಿಸುವವರು ಓದುಗರಲ್ಲ, ಪ್ರಕಾಶಕರು. ಏಳು ವರ್ಷಗಳ ಹಿಂದೆ, 1926ರಲ್ಲಿ, ನ್ಯೂಯಾರ್ಕಿನಲ್ಲಿ ‘ಬುಕ್ ಆಫ್ ದಿ ಮಂತ್ ಕ್ಲಬ್’ ಶುರುವಾಗಿತ್ತು. ಅಲ್ಲಿ ಅಮೆರಿಕದಷ್ಟು ದೊಡ್ಡ ಮಾರುಕಟ್ಟೆ ಇತ್ತು. ಇಲ್ಲಿ ಪೇಡೆಯ ಊರೊಂದು, ಅದರ ಸುತ್ತಲಿನ ಹಳ್ಳಿಗಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತೆಂದು ಯಾರಾದರೂ ನಕ್ಕಿದ್ದರೆ ತಪ್ಪಿಲ್ಲ. ಇಲ್ಲಿ ಕುಲಾವಿಯ ಖರ್ಚನ್ನೂ ನೆರೆಯವರಿಂದಲೇ ಕೇಳಬೇಕಿತ್ತು. ಮನೋಹರ ಗ್ರಂಥಮಾಲೆ ಎಂದು ಹೆಸರಿಟ್ಟು, ಕೃಷ್ಣಶರ್ಮರ ‘ಸುದರ್ಶನ’ ಕಾದಂಬರಿಯನ್ನು ಮೊದಲ ಹೂವಾಗಿ ಪೋಣಿಸಿದರು. ಆಮೇಲೆ ಶುರುವಾಯಿತು ಜೋಶಿಯವರ ತಿರುಗಾಟ. ಅವರೂ ಗಳಗನಾಥರಂತೆ ಊರೂರು ಅಲೆದರು. ಆದರೆ ಇವರು ಮಾರಲು ಹೊರಟದ್ದು ಕೈಯಲ್ಲಿದ್ದ ಪುಸ್ತಕವನ್ನಲ್ಲ, ಇನ್ನೂ ಬರೆಯದೇ ಇದ್ದ ಪುಸ್ತಕವನ್ನು.

ಕಷ್ಟದ ಕಾಲ ಬೇಗನೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಿತ್ತು. ಅದೇ ದಿನಗಳಲ್ಲಿ ಧಾರವಾಡದ ಗೆಳೆಯರ ಗುಂಪು ನಡೆಸುತ್ತಿದ್ದ ‘ಜೀವನ’ ಮಾಸಪತ್ರಿಕೆ ಊರು ಬಿಟ್ಟು ಬೆಂಗಳೂರಿಗೆ ಹೋಯಿತು. 1944ರಲ್ಲಿ ಅದರ ಹೊಣೆ ಹೊತ್ತವರು ಮಾಲೂರು ತಾಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಹಿಂದಿನ ವರ್ಷವಷ್ಟೇ ಮೈಸೂರು ಸರಕಾರದ ದೊಡ್ಡ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದ ಅವರು ಎರಡು ದಶಕ ಆ ಪತ್ರಿಕೆಯನ್ನು ಎಳೆದರು. ಜಿಲ್ಲೆಜಿಲ್ಲೆಗಳ ಕಂದಾಯ ಕಂಡ ಅಧಿಕಾರಿ ಕೊನೆಗೆ ನೆಚ್ಚಿದ್ದು ಚಂದಾದಾರರನ್ನು. ಗ್ರಂಥಮಾಲೆ ಮಾತ್ರ ಧಾರವಾಡದ ತನ್ನ ಅಟ್ಟ ಬಿಟ್ಟು ಇಳಿಯಲಿಲ್ಲ.

ಹೌದು, ಅಟ್ಟವೇ. ಸುಭಾಸ ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಮಾಳಿಗೆ. ಬೇಂದ್ರೆಯವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಸಾಹಿತ್ಯದ ಹುಚ್ಚಿದ್ದವರೆಲ್ಲ ಹತ್ತಿದ ಮೆಟ್ಟಿಲು ಅದು. ಕೀರ್ತಿನಾಥ ಕುರ್ತಕೋಟಿ ಸಾಹಿತ್ಯ ಸಲಹೆಗಾರರಾಗಿ ಬಂದ ಮೇಲೆ ಹಸ್ತಪ್ರತಿಗಳ ಹಣೆಬರಹ ಅಲ್ಲೇ ನಿರ್ಧಾರವಾಗತೊಡಗಿತು. ಅವುಗಳಲ್ಲೊಂದು, ಒಬ್ಬ ಅಪರಿಚಿತ ತರುಣ ಬರೆದ ಪೌರಾಣಿಕ ನಾಟಕ. ನಾಟಕದ ಪುಸ್ತಕ ಮಾರಾಟವಾಗುವುದಿಲ್ಲವೆಂದು ಯಾವ ಅಂಗಡಿಯವನನ್ನು ಕೇಳಿದರೂ ಹೇಳುತ್ತಿದ್ದ. 1961ರಲ್ಲಿ ‘ಯಯಾತಿ’ ಅಚ್ಚಾದಾಗ ಅದರ ಕರ್ತೃ ಗಿರೀಶ ಕಾರ್ನಾಡ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದರು. ವಯಸ್ಸು ಇಪ್ಪತ್ಮೂರು. 1964ರಲ್ಲಿ ‘ತುಘಲಕ್’, ಮರುವರ್ಷ ಅನಂತಮೂರ್ತಿಯವರ ‘ಸಂಸ್ಕಾರ’. ಮಡಿಮೈಲಿಗೆಯ ಅಗ್ರಹಾರವನ್ನೇ ಅಲ್ಲಾಡಿಸಿದ ಆ ಕಾದಂಬರಿ ಎಬ್ಬಿಸಿದ ಗದ್ದಲ ಸಣ್ಣದಲ್ಲ. ಸಭ್ಯ ಓದನ್ನು ಬಯಸಿ ಚಂದಾ ಕಟ್ಟಿದ ಗೃಹಸ್ಥರ ಮನೆಗಳಿಗೇ ಅಟ್ಟದವರು ಅದರೊಳಗಿನ ಪ್ರಾಣೇಶಾಚಾರ್ಯರನ್ನೂ ನಾರಣಪ್ಪನ ಹೆಣವನ್ನೂ ಕಳಿಸಿದ್ದರು!

ಮಾಲೆ ಕಡಿಯಲಿಲ್ಲ. ಬಿಡಿ ಪುಸ್ತಕ ಮಾರುವವನು ಪ್ರತಿ ಪುಸ್ತಕಕ್ಕೂ ಗಿರಾಕಿಯನ್ನು ಹೊಸದಾಗಿ ಹುಡುಕಬೇಕಿತ್ತು. ಸೋತ ಒಂದು ಪುಸ್ತಕ ಅವನನ್ನು ಮುಳುಗಿಸುತ್ತಿತ್ತು. ಚಂದಾ ಕಟ್ಟಿಸಿಕೊಂಡವನಿಗೆ ಕನಿಷ್ಠ ಎಷ್ಟು ಪ್ರತಿ ಹೋಗುತ್ತದೆಂದು ಅಚ್ಚಿಗೆ ಮೊದಲೇ ಗೊತ್ತು, ಕಾಗದಕ್ಕೆ ರೊಕ್ಕ ಕೈಯಲ್ಲಿ, ರಟ್ಟುಕಟ್ಟಿ ಕೂತ ಪುಸ್ತಕದ ಹೊರೆ ಕಡಿಮೆ. ಹಿಡಿಸದ ಒಂದು ಪುಸ್ತಕವನ್ನು ಹಿಡಿಸಿದ ಇನ್ನೆರಡು ದಡ ಮುಟ್ಟಿಸುತ್ತಿದ್ದವು. ಓದುಗ ಕೊಂಡದ್ದು ಪುಸ್ತಕವನ್ನಲ್ಲ, ಅಟ್ಟದವರ ರುಚಿಯನ್ನು. ಅದಕ್ಕೇ ಹೆಸರಿಲ್ಲದ ಹುಡುಗನ ನಾಟಕವೂ ಅಚ್ಚಿನ ಮನೆ ಕಂಡಿತು.

ಜೋಶಿ 1993ರಲ್ಲಿ ತೀರಿಕೊಂಡರು. ಮಗ ರಮಾಕಾಂತ ಜೋಶಿ ಅಟ್ಟವನ್ನು ನಡೆಸಿಕೊಂಡು ಬಂದರು. ‘ಯಯಾತಿ’ ಬಂದು ಐವತ್ತು ವರ್ಷವಾದಾಗ, 2011ರಲ್ಲಿ, ಕಾರ್ನಾಡರು ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ಅಚ್ಚಿಗೆ ಕೊಟ್ಟದ್ದೂ ಇದೇ ಮನೋಹರ ಗ್ರಂಥಮಾಲೆಗೆ.