ಹಳೆಯ ಮಾರುತಿ 800ಕ್ಕೆ ಯಾವ ಇಂಜಿನ್?

ಮಾರುತಿ 800ರ ಮೊದಲ ಕಾರು ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಈ ನಡುವೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದವು. ಇಂದಿಗೂ ಓಡುತ್ತಿರುವ ಎಷ್ಟೋ ಕಾರುಗಳ ಬಾಡಿ ಗಟ್ಟಿಯಾಗಿದೆ, ಇಂಜಿನ್ ಮಾತ್ರ ಸವೆದಿದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಏರಿನಲ್ಲಿ ಎರಡನೇ ಗೇರಿನಲ್ಲೂ ಒದ್ದಾಟ, ಮತ್ತೆ ಮತ್ತೆ ಆಯಿಲ್ ಟಾಪ್‌ಅಪ್. ಗ್ಯಾರೇಜಿಗೆ ಒಯ್ದರೆ ಒಂದು ಸಲಹೆ ಬಂದೇ ಬರುತ್ತದೆ: "ಹೇಗೂ ಇಂಜಿನ್ ಇಳಿಸ್ತೀವಲ್ಲ ಸಾರ್, ಝೆನ್ ಇಂಜಿನ್ ಕೂರಿಸಿಬಿಡೋಣ. ಆಮೇಲೆ ಪಿಕಪ್ ನೋಡಿ."

ಪಿಕಪ್ ಹೆಚ್ಚುವುದು ನಿಜ. ಆದರೆ ಈ ಕಾರನ್ನು ಇಷ್ಟು ವರ್ಷ ಮಾರದೆ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇಟ್ಟುಕೊಂಡದ್ದು ಮೈಲೇಜಿಗಾಗಿ. ಆ ಮೈಲೇಜ್ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿದರೆ ಮೆಕ್ಯಾನಿಕ್ಕಿನ ಸಲಹೆ ಒಪ್ಪುವುದು ಕಷ್ಟ.

ಚಾಲಕನೂ ಸೇರಿ ಕಾರಿನ ತೂಕ ಸುಮಾರು 720 ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಟೈರುಗಳ ಉರುಳುವಿಕೆಯ ತಡೆ ಸುಮಾರು 85 ನ್ಯೂಟನ್, ಗಾಳಿಯ ತಡೆ ಸುಮಾರು 105 ನ್ಯೂಟನ್. ಇವೆರಡನ್ನೂ ಮೀರಿ ವೇಗ ಕಾಯ್ದುಕೊಳ್ಳಲು ಬೇಕಾದದ್ದು ಮೂರು ಕಿಲೋವಾಟಿಗಿಂತ ತುಸು ಹೆಚ್ಚು, ಅಂದರೆ ನಾಲ್ಕೂ ಚಿಲ್ಲರೆ ಅಶ್ವಶಕ್ತಿ. ಇಂಜಿನ್ನಿನ ಪೂರ್ಣ ಸಾಮರ್ಥ್ಯ 37 ಅಶ್ವಶಕ್ತಿಯ ಆಸುಪಾಸು. ಚಿಕ್ಕದು ಎನಿಸಿಕೊಂಡ ಈ ಇಂಜಿನ್ ಕೂಡ ದಿನದ ಓಡಾಟದಲ್ಲಿ ತನ್ನ ಶಕ್ತಿಯ ಎಂಟನೇ ಒಂದು ಪಾಲಿನಲ್ಲಿ ಕೆಲಸ ಮಾಡುತ್ತಿರುತ್ತದೆ.

ಈಗ ಪೆಟ್ರೋಲಿನ ಕಡೆಯಿಂದ ನೋಡಿ. ಲೀಟರಿಗೆ 25 ಕಿಲೋಮೀಟರ್ ಕೊಡುವ ಕಾರು ಅದೇ ವೇಗದಲ್ಲಿ ಗಂಟೆಗೆ 2.4 ಲೀಟರ್ ಸುಡುತ್ತದೆ. ಒಂದು ಲೀಟರಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದೆ. ಆ ಲೆಕ್ಕದಲ್ಲಿ ಒಳಹೋಗುತ್ತಿರುವುದು 21 ಕಿಲೋವಾಟ್, ಚಕ್ರಕ್ಕೆ ತಲುಪುತ್ತಿರುವುದು ಮೂರು. ಶೇಕಡ 15! ಒಳ್ಳೆಯ ಪೆಟ್ರೋಲ್ ಇಂಜಿನ್ ತನಗೆ ಹೊಂದುವ ಹೊರೆಯಲ್ಲಿ ಶೇಕಡ 30ರ ಸಮೀಪ ಹೋಗಬಲ್ಲದು. ಉಳಿದರ್ಧ ಕಳೆದುಹೋಗುವುದು ಹೊರೆ ತೀರ ಕಡಿಮೆಯಾಗಿರುವ ಕಾರಣಕ್ಕೆ.

ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದಾಗ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಕವಾಟ ಹೆಚ್ಚೂಕಡಿಮೆ ಮುಚ್ಚಿಯೇ ಇರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಆ ಸಣ್ಣ ಸಂದಿನಿಂದಲೇ ಉಸಿರೆಳೆಯಬೇಕು. ಪಿಚಕಾರಿಯ ತುದಿಗೆ ಬೆರಳು ಒತ್ತಿ ಹಿಡಿಯನ್ನು ಎಳೆದಂತೆ ಅದು. ಎಳೆಯುವ ಶ್ರಮವೆಲ್ಲ ಪೆಟ್ರೋಲಿನ ಲೆಕ್ಕಕ್ಕೆ. ಇದರ ಮೇಲೆ ರಿಂಗು, ಬೇರಿಂಗು, ಕ್ಯಾಮುಗಳ ಘರ್ಷಣೆ. ನಾಲ್ಕು ಅಶ್ವಶಕ್ತಿ ತೆಗೆದರೂ ನಲವತ್ತು ತೆಗೆದರೂ ಅದೇ ಆರ್‌ಪಿಎಂನಲ್ಲಿ ಘರ್ಷಣೆಯೇನೂ ಬಹಳ ಬದಲಾಗುವುದಿಲ್ಲ.

ಝೆನ್‌ನ 993 ಸಿಸಿ, ನಾಲ್ಕು ಸಿಲಿಂಡರಿನ ಇಂಜಿನ್ ಕೂರಿಸಿದರೆ ಕಾರಿಗೆ ಬೇಕಾದ ಶಕ್ತಿ ಬದಲಾಗದು. ಆದರೆ ಥ್ರಾಟಲ್ ಇನ್ನಷ್ಟು ಮುಚ್ಚಿಕೊಳ್ಳುತ್ತದೆ, ಉಜ್ಜಾಡುವ ಭಾಗಗಳು ಹೆಚ್ಚುತ್ತವೆ. ಗೇರುಗಳನ್ನೂ ಬದಲಿಸಿ ಇಂಜಿನ್ನನ್ನು ನಿಧಾನ ತಿರುಗಿಸಿದರೆ ನಷ್ಟ ಕಡಿಮೆ ಮಾಡಬಹುದು. ಹೊಸ ಕಾರುಗಳಲ್ಲಿ ದೊಡ್ಡ ಇಂಜಿನ್ನೂ ಒಳ್ಳೆಯ ಮೈಲೇಜ್ ಕೊಡುವುದರ ಹಿಂದೆ ಈ ಉಪಾಯವೂ ಇದೆ. ಹಳೆಯ 800ರ ನಾಲ್ಕು ಗೇರಿನ ಪೆಟ್ಟಿಗೆಯನ್ನು ಜೋಡಿಸಿರುವುದು 796 ಸಿಸಿಯ ಎಫ್8ಬಿ ಇಂಜಿನ್ನಿಗೆ ಲೆಕ್ಕ ಹಾಕಿ. ಆ ಜೋಡಿಯನ್ನು ಒಡೆಯಬಾರದು ಎಂಬುದೇ ನನ್ನ ಪಕ್ಷ.

ಇಷ್ಟಕ್ಕೂ, ಇಂಜಿನ್ ನಿಜಕ್ಕೂ ಹೋಗಿದೆಯೇ? ಇದನ್ನು ಕಿವಿಯಿಂದ ತೀರ್ಮಾನಿಸುವುದು ಬೇಡ. ಇಂಜಿನ್ ಬಿಸಿಯಾದ ಮೇಲೆ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ಗಿನ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಮೂರರಲ್ಲಿ ಒಂದು ಸಿಲಿಂಡರ್ ಹಿಂದೆ ಬಿದ್ದಿದ್ದರೆ ಅದರ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಮುಳ್ಳು ಮೇಲೇರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು ಎಂದರ್ಥ. ಏರದಿದ್ದರೆ ಸೋರುತ್ತಿರುವುದು ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಆಗ ಹೆಡ್ ಮಾತ್ರ ಇಳಿಸಿದರೆ ಸಾಕು, ಇಂಜಿನ್ ಬದಲಿಸುವ ಮಾತೇ ಬರುವುದಿಲ್ಲ. ಗೇಜಿನ ಮುಳ್ಳನ್ನು ಮಾಲೀಕರು ಪಕ್ಕದಲ್ಲಿ ನಿಂತು ಕಣ್ಣಾರೆ ನೋಡುವುದು ಒಳ್ಳೆಯದು.

ಬೋರ್ ಸವೆದಿರುವುದು ಖಚಿತವಾದರೆ ಮೊದಲ ಆಯ್ಕೆ ಇರುವ ಬ್ಲಾಕನ್ನೇ ಬೋರ್ ಮಾಡಿಸುವುದು. ಲೇತ್ ಅಂಗಡಿಯಲ್ಲಿ ಸಿಲಿಂಡರ್ ಕೊರೆದು ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಮೈಲೇಜ್ ಬೀಳುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಲೆಕ್ಕ ನೋಡಿ: 68.5 ಮಿಲಿಮೀಟರ್ ಇದ್ದ ವ್ಯಾಸ 69 ಆದಾಗ 796 ಸಿಸಿ ಹೋಗಿ 808 ಆಗುತ್ತದೆ, ಶೇಕಡ ಒಂದೂವರೆ ಹೆಚ್ಚಳ. ಮೈಲೇಜಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಬೋರಿನ ಗೋಡೆಗೆ ಹೋನಿಂಗ್‌ನ ಅಡ್ಡಗೆರೆಗಳು ಸರಿಯಾಗಿ ಬಿದ್ದಿವೆಯೇ, ಕ್ರ್ಯಾಂಕಿನ ಜರ್ನಲ್ಲುಗಳನ್ನು ಮೈಕ್ರೋಮೀಟರಿನಿಂದ ಅಳೆದರೇ ಎಂಬುದರ ಬಗ್ಗೆ ಮಾತ್ರ ಪಟ್ಟು ಹಿಡಿಯಬೇಕು. ಇನ್ನೊಂದು ಅನುಕೂಲವಿದೆ. ಇಂಜಿನ್ ನಂಬರ್ ಕೊರೆದಿರುವುದು ಬ್ಲಾಕಿನ ಮೇಲೆ. ಬ್ಲಾಕ್ ಉಳಿದರೆ ಆರ್‌ಸಿಯೂ ಹಾಗೆಯೇ ಉಳಿಯುತ್ತದೆ. ಬೇರೆ ಇಂಜಿನ್ ತಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಬೇಕು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಮರುನೋಂದಣಿ ಇರುವುದರಿಂದ ನಂಬರ್ ಹೊಂದದಿದ್ದರೆ ಅಲ್ಲಿ ಸಿಕ್ಕಿಬೀಳುವುದು ಖಂಡಿತ.

ಬ್ಲಾಕೇ ಬಿರುಕುಬಿಟ್ಟಿದ್ದರೆ ಗುಜರಿಯ ಇಂಜಿನ್ ಅನಿವಾರ್ಯ. ಬೆಂಗಳೂರಿನವರು ಶಿವಾಜಿನಗರದ ಕಡೆ ಹೋಗುತ್ತಾರೆ. ಓಮ್ನಿಯದ್ದೂ ಎಫ್8ಬಿಯೇ ಎಂದು ಅಂಗಡಿಯವರು ಹೇಳಿದರೆ ಅದು ಸುಳ್ಳಲ್ಲ. ಆದರೆ ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನಡಿ ಉದ್ದಕ್ಕೆ ಮಲಗಿ ಹಿಂದಿನ ಚಕ್ರ ತಿರುಗಿಸುತ್ತದೆ. 800ರಲ್ಲಿ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಹಾಗಾಗಿ ಅದನ್ನು ಇದ್ದಹಾಗೇ ತಂದು ಇಡಲಾಗದು. 800ರದ್ದೇ ಹುಡುಕುವುದು ಮೇಲು. ಆಯಿಲ್ ಮುಚ್ಚಳ ತೆಗೆದು ಒಳಮೈ ನೋಡಿ: ಕೆನೆಯಂಥ ನೊರೆ ಅಂಟಿದ್ದರೆ ಆಯಿಲಿಗೆ ನೀರು ಸೇರಿದೆ, ಗಟ್ಟಿ ಕಪ್ಪು ಕೆಸರಿದ್ದರೆ ಹಳೆಯ ಮಾಲೀಕರು ಆಯಿಲ್ ಬದಲಿಸಿಲ್ಲ. ನಂಬರನ್ನು ಉಜ್ಜಿದ ಗುರುತಿದ್ದರೆ ಬೆಲೆ ಕೇಳದೆ ಹೊರಡಿ.

ಝೆನ್‌ಗಿಂತ ಗಟ್ಟಿಯಾದ ವಾದವಿರುವುದು ಆಲ್ಟೊದ ಎಫ್8ಡಿ ಇಂಜಿನ್ನಿಗೆ. ಅದೂ 796 ಸಿಸಿ, ಮೂರೇ ಸಿಲಿಂಡರ್. ಆದರೆ ಹನ್ನೆರಡು ವಾಲ್ವ್, ಜೊತೆಗೆ ಕಾರ್ಬುರೇಟರಿನ ಬದಲು ಕಂಪ್ಯೂಟರಿನ ಅಳತೆಯಲ್ಲಿ ಇಂಧನ ಚಿಮ್ಮಿಸುವ ಎಂಪಿಎಫ್‌ಐ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುವುದರಿಂದ ಈ ವಾದಕ್ಕೆ ತೂಕ ಹೆಚ್ಚಿದೆ. ಎಥನಾಲಿನ ಅಣುವಿನಲ್ಲೇ ಆಮ್ಲಜನಕವಿದೆ, ಹಾಗಾಗಿ ಉರಿಯಲು ಅದಕ್ಕೆ ಬೇಕಾದ ಗಾಳಿ ಕಡಿಮೆ. ಆಮ್ಲಜನಕದ ಸೆನ್ಸರ್ ಇರುವ ಎಂಪಿಎಫ್‌ಐ ಇದನ್ನು ಗ್ರಹಿಸಿ ಇಂಧನ ಹೆಚ್ಚಿಸಿಕೊಳ್ಳುತ್ತದೆ; ಕಾರ್ಬುರೇಟರಿನ ಜೆಟ್ಟಿಗೆ ಆ ಅರಿವಿಲ್ಲ, ಮಿಶ್ರಣ ತೆಳುವಾಗಿ ಇಂಜಿನ್ ಬಿಸಿಯೇರುತ್ತದೆ. ಆದರೂ ಕಾರ್ಬುರೇಟರ್ ಕಾರಿಗೆ ಎಂಪಿಎಫ್‌ಐ ಇಂಜಿನ್ ತರುವುದೆಂದರೆ ಟ್ಯಾಂಕಿನ ಪಂಪ್, ಕಂಪ್ಯೂಟರ್, ಸೆನ್ಸರುಗಳು, ಇಡೀ ವೈರಿಂಗ್ ತರುವುದು ಎಂದರ್ಥ. ಒಂದು ವೈರ್ ತಪ್ಪಿದರೂ ಮೈಲೇಜ್ ಹಳ್ಳ ಹಿಡಿಯುತ್ತದೆ. ಆ ಹಣದಲ್ಲಿ ಹಳೆಯ ಬ್ಲಾಕ್ ಬೋರ್ ಮಾಡಿಸಿ, ರಬ್ಬರ್ ಹೋಸುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ, ಜೆಟ್ ತುಸು ದೊಡ್ಡದು ಹಾಕಿಸುವುದು ಬುದ್ಧಿವಂತಿಕೆ.

ಹೊಸ ರಿಂಗುಗಳು ಬೋರಿಗೆ ಹೊಂದಿಕೊಳ್ಳಲು ಮೊದಲ ಸಾವಿರ ಕಿಲೋಮೀಟರ್ ಬಿಡಬೇಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸದೆ ಏರಿಳಿಸುತ್ತ ಓಡಿಸಿ, ಲೋಹದ ಪುಡಿ ತುಂಬಿದ ಮೊದಲ ಆಯಿಲನ್ನು ಬೇಗ ಚೆಲ್ಲಿ. ಆಮೇಲೆ ಟ್ಯಾಂಕ್ ಫುಲ್ ಮಾಡಿಸಿ, ಮುಂದಿನ ಫುಲ್ ಟ್ಯಾಂಕಿನವರೆಗೆ ಕಿಲೋಮೀಟರ್ ಬರೆದಿಟ್ಟು ಮೈಲೇಜ್ ನೋಡಿ. ಎಥನಾಲ್ ಬೆರೆತ ಲೀಟರಿನಲ್ಲಿ ಶಕ್ತಿಯೇ ಶೇಕಡ ಏಳರಷ್ಟು ಕಡಿಮೆ ಇರುವುದರಿಂದ, ಹಿಂದೆ 20 ಕೊಡುತ್ತಿದ್ದ ಕಾರು ಈಗ ಹದಿನೆಂಟೂವರೆ ಕೊಟ್ಟರೆ ಲೇತ್‌ನವರ ಕೆಲಸದಲ್ಲಿ ಕೊರತೆಯಿಲ್ಲ.