‘ಆರಾಮ ಇಲ್ಲ, ಜಲ್ದಿ ಬಾ’ ಎನ್ನುವ ಮೊದಲು

‘ಅಪ್ಪಗ ಆರಾಮ ಇಲ್ಲ, ಜಲ್ದಿ ಹೊಂಟು ಬಾ.’

ಮನೆಯಲ್ಲಿ ಸಾವು ಸಂಭವಿಸಿದಾಗ ದೂರದಲ್ಲಿರುವ ಮಗನಿಗೋ ಮಗಳಿಗೋ ನಮ್ಮ ಕಡೆಯವರು ಕಳಿಸುವ ಮೊದಲ ಸುದ್ದಿ ಸಾಮಾನ್ಯವಾಗಿ ಇದೇ. ಒಬ್ಬಂಟಿಯಾಗಿ ಬರುವ ಮಕ್ಕಳು ದಾರಿಯಲ್ಲಿ ಎದೆಗುಂದಬಾರದೆಂಬ ಹಿರಿಯರ ಕಳಕಳಿ ಇದರ ಹಿಂದಿದೆ. ಮಗ ಧಾರವಾಡದಲ್ಲೋ ಪುಣೆಯಲ್ಲೋ ಓದುತ್ತಿದ್ದ ಕಾಲಕ್ಕೆ ಈ ಮಾತು ನಡೆಯುತ್ತಿತ್ತು. ಸುದ್ದಿ ಮುಟ್ಟಿದೊಡನೆ ಬಸ್ಸು ಹತ್ತುತ್ತಿದ್ದ, ಮಣ್ಣಿನ ಹೊತ್ತಿಗೆ ಊರು ಸೇರುತ್ತಿದ್ದ.

ಈಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಮನೆಗಳ ಮಕ್ಕಳು ಅಮೆರಿಕ, ಜರ್ಮನಿ, ದುಬೈಗಳಲ್ಲೂ ಇದ್ದಾರೆ. ವಿಮಾನದ ಟಿಕೆಟ್ಟು ಕೊಳ್ಳುವವರಿಗೆ, ಕೊಂಡದ್ದನ್ನು ಬದಲಿಸುವವರಿಗೆ ಮೊದಲು ಗೊತ್ತಾಗಬೇಕಾದ ಸಂಗತಿಗಳು ಎರಡು: ನಿಜವಾಗಿ ಏನಾಗಿದೆ, ಮಣ್ಣು ಯಾವಾಗ. ನಾವು ಮುಚ್ಚಿಡುವುದು ಸರಿಯಾಗಿ ಅವೆರಡನ್ನೇ!

ತಾಸಿನ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹುಬ್ಬಳ್ಳಿ ಇಲ್ಲವೇ ಬೆಳಗಾವಿಗೆ ಹೋಗಬೇಕು. ಬಾಗಲಕೋಟೆ, ಬಾದಾಮಿಗಳಿಗೆ ರೈಲಾದರೂ ಇದೆ. ಇಳಕಲ್, ಹುನಗುಂದದವರಿಗೆ ರಸ್ತೆಯೇ ಗತಿ. ಸಾನ್‌ಫ್ರಾನ್ಸಿಸ್ಕೊದಿಂದ ಹೊರಟವನು ನಡುವೆ ಒಂದು ಕಡೆ ವಿಮಾನ ಬದಲಿಸಿ ಬೆಂಗಳೂರು ಮುಟ್ಟಲು 20ರಿಂದ 25 ತಾಸು ಬೇಕು. ಅಲ್ಲಿಂದ ಕಾರಿನಲ್ಲಿ ಇಳಕಲ್ಲಿಗೆ ಇನ್ನೂ ಏಳೆಂಟು ತಾಸು. ಟಿಕೆಟ್ಟು ಹುಡುಕುವುದು, ಮೂರು ತಾಸು ಮುಂಚೆ ನಿಲ್ದಾಣ ಸೇರುವುದು, ಇವನ್ನೆಲ್ಲ ಕೂಡಿಸಿದರೆ 40 ತಾಸಿಗೆ ಕಡಿಮೆಯಾಗದು. ದುಬೈಯಲ್ಲಿರುವವನು ಅದೃಷ್ಟವಿದ್ದರೆ ಒಂದು ದಿನದೊಳಗೆ ಬಂದಾನು.

ಅಷ್ಟು ಹೊತ್ತು ದೇಹ ಕಾಯುತ್ತದೆಯೇ? ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂದು ವಿಜ್ಞಾನದ ವಿದ್ಯಾರ್ಥಿಗಳು ಓದಿರುತ್ತಾರೆ. ಶವಾಗಾರದ ಪೆಟ್ಟಿಗೆಯಲ್ಲಿ ಉಷ್ಣತೆ 2ರಿಂದ 4 ಡಿಗ್ರಿ ಇರುತ್ತದೆ. ನಮ್ಮ ಏಪ್ರಿಲ್ ತಿಂಗಳ ಪಡಸಾಲೆಯಲ್ಲಿ 40ರ ಹತ್ತಿರ. ಮಂಜುಗಡ್ಡೆ ಇಟ್ಟು ಎರಡು ದಿನ ನೂಕುತ್ತೇವೆಂಬುದು ಬೇಸಿಗೆಯಲ್ಲಿ ಆಗುವ ಮಾತಲ್ಲ. ಬಾಡಿಗೆಯ ಫ್ರೀಜರ್ ಪೆಟ್ಟಿಗೆಗೂ ಕರೆಂಟು ಬೇಕು.

ಆದ್ದರಿಂದ ಮನೆಯ ಹಿರಿಯರು ಅರ್ಧ ತಾಸು ಕೂತು ತೀರ್ಮಾನಿಸಿ, ಅದನ್ನು ಸ್ಪಷ್ಟವಾಗಿ ಹೇಳಿಬಿಡುವುದು ವಾಸಿ. ‘ನಾಳೆ ಮಧ್ಯಾಹ್ನ ಮಣ್ಣು ಮಾಡ್ತೀವಿ, ನೀ ದಿವಸಕ್ಕ ಬಾ’ ಎನ್ನುವುದು ಕಠೋರವೆನಿಸಬಹುದು. ಆದರೆ ಅದನ್ನು ಕೇಳಿದ ಮಗ ಸಾಲ ಮಾಡಿ ಈ ರಾತ್ರಿಯೇ ದುಬಾರಿ ಟಿಕೆಟ್ಟು ಕೊಂಡು, ಮಣ್ಣಾದ ಮೇಲೆ ಬಂದು ಬಾಗಿಲಲ್ಲಿ ಕುಸಿಯುವುದು ತಪ್ಪುತ್ತದೆ. ಹೇಳುವಾಗ ಗಡಿಯಾರವನ್ನೂ ನೆನೆಯಿರಿ. ಚಳಿಗಾಲದಲ್ಲಿ ನಮಗೆ ಸೋಮವಾರ ನಸುಕಿನ 4 ಗಂಟೆಯಾದರೆ ಸಾನ್‌ಫ್ರಾನ್ಸಿಸ್ಕೊದಲ್ಲಿ ಭಾನುವಾರ ಮಧ್ಯಾಹ್ನ ಎರಡೂವರೆ. ‘ನಾಳೆ’ ಎಂದರೆ ಯಾರ ನಾಳೆ?

ಸೀರೆ ಮತ್ತು ಸೀಟು

ಕೊನೆಯ ಗಳಿಗೆಯ ಟಿಕೆಟ್ಟು ಅಷ್ಟೇಕೆ ದುಬಾರಿ? ಇಳಕಲ್ಲಿನ ನೇಕಾರನ ಸೀರೆ ಇಂದು ಬಿಕರಿಯಾಗದಿದ್ದರೆ ಮುಂದಿನ ಸಂತೆಗೆ ಬಿಕರಿಯಾದೀತು. ವಿಮಾನದ ಸೀಟು ಹಾಗಲ್ಲ. ವಿಮಾನ ಏರಿದ ಮರುಕ್ಷಣ ಖಾಲಿ ಸೀಟಿನ ಬೆಲೆ ಸೊನ್ನೆ. ಅದಕ್ಕಾಗಿ ಕಂಪನಿಗಳು ತಿಂಗಳುಗಟ್ಟಲೆ ಮುಂಚೆ ಕೆಲವು ಸೀಟುಗಳನ್ನು ಅಗ್ಗವಾಗಿ ಮಾರಿ, ಉಳಿದವನ್ನು ‘ಹೋಗಲೇಬೇಕು’ ಎಂದು ಬರುವವರಿಗಾಗಿ ಹೆಚ್ಚಿನ ದರಕ್ಕೆ ಇಟ್ಟಿರುತ್ತವೆ. ಗಣಕಯಂತ್ರಕ್ಕೆ ವ್ಯಾಪಾರಿಯೂ ಒಂದೇ, ತಂದೆಯನ್ನು ಕಳೆದುಕೊಂಡವನೂ ಒಂದೇ.

ಅದನ್ನು ಮನುಷ್ಯರು ತಿದ್ದಬೇಕು. ವಿದೇಶದ ಕೆಲವು ಕಂಪನಿಗಳಲ್ಲಿ ಸಾವಿನ ಸಂದರ್ಭಕ್ಕೆಂದೇ ರಿಯಾಯಿತಿ ದರವಿದೆ. ಅಮೆರಿಕದ ಯುನೈಟೆಡ್ ಮತ್ತು ಅಮೆರಿಕನ್ ಕಂಪನಿಗಳು 2014ರಲ್ಲಿ ಇದನ್ನು ನಿಲ್ಲಿಸಿದವು. ಏರ್ ಕೆನಡಾ ಮುಂದುವರಿಸಿತು. ಈ ಏರ್ ಕೆನಡಾದ ಪ್ರಕರಣವೊಂದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 2022ರ ನವೆಂಬರಿನಲ್ಲಿ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನೊಬ್ಬ ಕಂಪನಿಯ ಜಾಲತಾಣದ ಉತ್ತರಯಂತ್ರವನ್ನು ವಿಚಾರಿಸಿದ. ಮೊದಲು ಟಿಕೆಟ್ಟು ಕೊಂಡು, 90 ದಿನಗಳೊಳಗೆ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ಅದು ಹೇಳಿತು. ಆದರೆ ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲವೆಂಬುದೇ ಕಂಪನಿಯ ನಿಜವಾದ ನಿಯಮ. ಯಂತ್ರದ ಮಾತಿಗೆ ಯಂತ್ರವೇ ಹೊಣೆ ಎಂಬಂತೆ ಕಂಪನಿ ವಾದಿಸಿತು! ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಒಪ್ಪಲಿಲ್ಲ. 2024ರ ಫೆಬ್ರುವರಿಯಲ್ಲಿ 650.88 ಕೆನಡಾ ಡಾಲರ್ ಪರಿಹಾರವನ್ನೂ ಮೇಲೆ ಬಡ್ಡಿ, ಶುಲ್ಕಗಳನ್ನೂ ಕೊಡಿಸಿತು. ಆ ಹುಡುಗ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಂಡಿದ್ದ, ಅದು ಸಾಕ್ಷಿಯಾಯಿತು.

ಇಲ್ಲಿ ಗಮನಿಸಬೇಕಾದುದು ‘ಪ್ರಯಾಣಕ್ಕೆ ಮುಂಚೆ’ ಎಂಬ ಮಾತು. ತಂದೆ ತೀರಿಕೊಂಡಿದ್ದಾರೆಂದು ಗೊತ್ತಿಲ್ಲದ ಮಗ ರಿಯಾಯಿತಿಯನ್ನು ಕೇಳುವುದಾದರೂ ಹೇಗೆ?

ಕೈಯಲ್ಲಿರುವ ಟಿಕೆಟ್ಟು

ಇನ್ನೊಂದು ಸಂದರ್ಭ. ರಜೆಗೆ ಬಂದ ಮಗಳು ಮರಳಿ ಹೊರಡುವ ವಾರದಲ್ಲೇ ಸಾವು. ಅಳುವ ಮನೆಯಲ್ಲಿ ಟಿಕೆಟ್ಟಿನ ಮಾತೆತ್ತಲು ಯಾರಿಗೂ ಬಾಯಿ ಬರದು. ವಿಮಾನ ಹೊರಟುಹೋಗುತ್ತದೆ. ಹೇಳದೆ ಕೇಳದೆ ಬಾರದ ಪ್ರಯಾಣಿಕರಿಗೆ ದಂಡ ಹೆಚ್ಚು. ಒಂದೇ ಟಿಕೆಟ್ಟಿನ ಮೊದಲ ಹಂತವನ್ನು ತಪ್ಪಿಸಿದರೆ ಮುಂದಿನ ಹಂತಗಳೂ ಸಾಮಾನ್ಯವಾಗಿ ತಾವಾಗಿ ರದ್ದಾಗುತ್ತವೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹುಬ್ಬಳ್ಳಿಯ ವಿಮಾನ ಬಿಟ್ಟು ನೇರ ಬೆಂಗಳೂರಿಗೆ ಕಾರಿನಲ್ಲಿ ಹೋಗಿ, ಅಲ್ಲಿ ತನ್ನ ಸೀಟೇ ಇಲ್ಲವೆಂದು ತಿಳಿದು ದಂಗಾದ. ಆದ್ದರಿಂದ ನೆರೆಯವರೋ ಸೋದರಮಾವನೋ ಒಬ್ಬರು ಈ ಕೆಲಸ ವಹಿಸಿಕೊಂಡು, ವಿಮಾನ ಹೊರಡುವ ಮುಂಚೆ ಫೋನು ಮಾಡಿಸಬೇಕು. ಏಜೆಂಟರ ಮೂಲಕ ಕೊಂಡದ್ದಾದರೆ ಬದಲಾವಣೆಗೆ ಬಹಳ ಸಲ ಅವರ ಬಳಿಯೇ ಹೋಗಬೇಕಾಗುತ್ತದೆ.

ತಾರೀಖು ಬದಲಿಸಿದರೆ ಬದಲಾವಣೆಯ ಶುಲ್ಕದ ಜೊತೆಗೆ ದರದ ವ್ಯತ್ಯಾಸವನ್ನೂ ಕೇಳುತ್ತಾರೆ. ಹೆಚ್ಚಾಗಿ ಎರಡನೆಯದೇ ದೊಡ್ಡದು. ಮೇಲ್ವಿಚಾರಕರೊಡನೆ ಮಾತಾಡಿ, ಪ್ರಮಾಣಪತ್ರ ಕಳಿಸುವುದಾಗಿ ಹೇಳಿದರೆ ಶುಲ್ಕ ಬಿಟ್ಟಾರು. ಅದು ಅವರ ಸೌಜನ್ಯ, ನಮ್ಮ ಹಕ್ಕಲ್ಲ. ಹಕ್ಕು ಬೇರೆಯೇ ಇದೆ. ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ‘ಹಣ ಮರಳುವುದಿಲ್ಲ’ ಎಂಬ ಅಗ್ಗದ ಟಿಕೆಟ್ಟು ರದ್ದಾದರೂ ಸರಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ವಾಪಸು ಕೊಡಲೇಬೇಕು. ಎಷ್ಟೋ ಜನ ಕೇಳುವುದೇ ಇಲ್ಲ. ರೈಲಿನ ಖಚಿತ ಟಿಕೆಟ್ಟನ್ನು 24 ತಾಸು ಮುಂಚೆ ಅರ್ಜಿ ಕೊಟ್ಟು ಒಡಹುಟ್ಟಿದವರ ಹೆಸರಿಗೆ ಮಾಡಿಸಬಹುದು. ವಿಮಾನದಲ್ಲಿ ಅಣ್ಣನ ಟಿಕೆಟ್ಟಿಗೆ ತಮ್ಮ ಹೋಗಲಾಗದು.

ಬರುವುದಕ್ಕಿಂತ ಮರಳುವುದು ಕಷ್ಟ

ವಿದೇಶದಲ್ಲಿ ಓದುವವರು ದುಃಖದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ತಿರುಗಿ ಒಳಗೆ ಬಿಡುತ್ತಾರೆಯೇ? ಅಮೆರಿಕದ ವಿದ್ಯಾರ್ಥಿಗಳ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಓದು ಮುಂದುವರಿಸಲು ಅಡ್ಡಿಯಿಲ್ಲ, ಆದರೆ ಒಮ್ಮೆ ಹೊರಬಿದ್ದರೆ ಹೊಸ ವೀಸಾ ಬೇಕು. ಕಾಲೇಜಿನ ಐ-20 ಪತ್ರದ ಮೇಲಿನ ಪ್ರಯಾಣದ ರುಜು ಕೂಡ ಚಾಲ್ತಿಯಲ್ಲಿರಬೇಕು. ಬ್ರಿಟನ್ನಿನಲ್ಲಿ ವೀಸಾ ವಿಸ್ತರಣೆಯ ಅರ್ಜಿ ತೀರ್ಮಾನವಾಗುವ ಮೊದಲೇ ದೇಶ ಬಿಟ್ಟರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆಯೇ ಸರಿ. ಇದನ್ನರಿತು ಬಾರದೆ ಉಳಿದ ಮಗನನ್ನು ‘ಅಪ್ಪನ ಮಣ್ಣಿಗೂ ಬರಲಿಲ್ಲ’ ಎಂದು ಓಣಿಯವರು ಆಡಿಕೊಳ್ಳುವುದು ಅನ್ಯಾಯ. ಅವನನ್ನು ಓದಿಸಲೆಂದು ಸಾಲ ಮಾಡಿದ್ದ ತಂದೆ ಹಾಗೆ ಆಡಿಕೊಳ್ಳುತ್ತಿರಲಿಲ್ಲ.

ಪ್ರಯಾಣ ವಿಮೆ ಮಾಡಿಸಿದ್ದರೆ ಪಾಲಿಸಿಯಲ್ಲಿ ‘ಕುಟುಂಬ’ ಎಂದರೆ ಯಾರೆಂದು ಓದಿ ನೋಡಿರಿ. ಸಾಕಿ ಬೆಳೆಸಿದ ದೊಡ್ಡಪ್ಪ ಅದರಲ್ಲಿ ಬಹಳ ಸಲ ಇರುವುದಿಲ್ಲ.

ಇದಕ್ಕೆಲ್ಲ ಬೇಕಾಗುವುದು ಮರಣ ಪ್ರಮಾಣಪತ್ರ. 21 ದಿನಗಳೊಳಗೆ ಸಾವನ್ನು ನೋಂದಾಯಿಸಬೇಕು. ಅದು ಕೈಸೇರುವವರೆಗೆ ವೈದ್ಯರ ಪತ್ರವನ್ನು ಇಟ್ಟುಕೊಳ್ಳಿರಿ. ನಮ್ಮ ಭಾಗದಲ್ಲಿ ಅಡ್ಡಹೆಸರಿನ ತೊಡಕು ಬೇರೆ. ಊರಲ್ಲಿ ಕರೆಯುವ ಹೆಸರು ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಮಗನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮತ್ತೊಂದು. ಪ್ರಮಾಣಪತ್ರ ಬರೆಸಲು ಹೋಗುವವರು ಆ ಪಾಸ್‌ಪೋರ್ಟಿನ ಕೊನೆಯ ಪುಟದ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ತಾಳೆ ನೋಡಿಯೇ ರುಜು ಹಾಕಬೇಕು.